ಸರಿಯುತ್ತರಕ್ಕೆ ಸೊನ್ನೆ ಅಂಕ: ಭೌತಶಾಸ್ತ್ರ ಅಧ್ಯಯನ ಮಂಡಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ನಮ್ಮ ಭಾಗದ ಪದವಿ ಕಾಲೇಜುಗಳಿಗೆ ಭೌತಶಾಸ್ತ್ರದ ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಯ ಹಾಗೂ ಪರೀಕ್ಷಾ ಮಂಡಳಿಯ ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು

ವಿಷಯ: ಬಿ.ಎಸ್ಸಿ. ಪಠ್ಯದ ಕ್ಷ-ಕಿರಣ ಘಟಕದಲ್ಲಿ ಲೇಸರ್‌ನಿಂದ ಕ್ಷ-ಕಿರಣ ಪಡೆಯುವ ವಿಧಾನವನ್ನು ಸೇರಿಸುವ ಬಗ್ಗೆ, ಮತ್ತು ಮೌಲ್ಯಮಾಪನದ ಒಂದು ರೂಢಿಯ ಬಗ್ಗೆ.

ಮಾನ್ಯರೇ,

ಬೆಳಗಾವಿಯ ಪದವಿ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿ ಕಳೆದ ವರ್ಷ ನಿವೃತ್ತಳಾದ ಅಧ್ಯಾಪಕಿ ನಾನು. ಇದೇ ವಿಷಯವಾಗಿ ಈ ಹಿಂದೆ ಎರಡು ಸಲ ಪತ್ರ ಬರೆದಿದ್ದೆ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ‘ಪರಿಶೀಲಿಸಲಾಗುವುದು’ ಎಂಬ ಒಂದು ಸಾಲು ಬಂತು. ಆ ಸಾಲು ಬಂದು ಹದಿನಾಲ್ಕು ತಿಂಗಳಾದವು. ಹೊಸ ಪಠ್ಯಕ್ರಮದ ಕರಡು ಸಿದ್ಧವಾಗುತ್ತಿದೆ ಎಂದು ಕೇಳಿದ್ದರಿಂದ, ಇನ್ನು ತಡಮಾಡಿದರೆ ಮತ್ತೆ ಕೆಲವು ವರ್ಷ ಕಾಯಬೇಕಾದೀತೆಂದು ಈ ಸಲ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಪತ್ರದಲ್ಲಿ ಯಾವ ಕಾಲೇಜಿನ, ಯಾವ ವ್ಯಕ್ತಿಯ ಹೆಸರನ್ನೂ ಎತ್ತಿಲ್ಲ. ನನ್ನ ದೂರು ಇರುವುದು ಒಂದು ರೂಢಿಯ ಮೇಲೆ.

ಮೂರು ವರ್ಷಗಳ ಹಿಂದಿನ ಸೆಮಿಸ್ಟರ್ ಪರೀಕ್ಷೆಯಲ್ಲಿ ಆರು ಅಂಕಗಳ ಒಂದು ಪ್ರಶ್ನೆ ಇತ್ತು: ‘ಕ್ಷ-ಕಿರಣಗಳನ್ನು ಉತ್ಪಾದಿಸುವ ಯಾವುದಾದರೂ ಒಂದು ವಿಧಾನವನ್ನು ಚಿತ್ರದೊಂದಿಗೆ ವಿವರಿಸಿ.’ ನನ್ನ ವಿದ್ಯಾರ್ಥಿನಿಯೊಬ್ಬಳು ಇದಕ್ಕೆ ಕೂಲಿಡ್ಜ್ ನಳಿಕೆಯನ್ನು, ಅಂದರೆ ಕಾದ ತಂತಿಯಿಂದ ಹೊಮ್ಮಿದ ಇಲೆಕ್ಟ್ರಾನುಗಳನ್ನು ಅಧಿಕ ವೋಲ್ಟೇಜಿನಿಂದ ಲೋಹಕ್ಕೆ ಅಪ್ಪಳಿಸಿ ಕ್ಷ-ಕಿರಣ ಪಡೆಯುವ ಹಳೆಯ ಸಾಧನವನ್ನು, ಬರೆಯಲಿಲ್ಲ. ಅತ್ಯಲ್ಪಾವಧಿಯ ಲೇಸರ್ ಸ್ಪಂದವೊಂದನ್ನು (ಪಲ್ಸ್, ಬೆಳಕಿನ ಒಂದು ಮಿಡಿತ) ತಾಮ್ರದ ಹಾಳೆಯ ಮೇಲೆ ಕೇಂದ್ರೀಕರಿಸಿ ಕ್ಷ-ಕಿರಣ ಪಡೆಯುವುದು ಹೇಗೆಂದು ಒಂದೂಕಾಲು ಪುಟ ಬರೆದಳು. ನಿರ್ವಾತ ಕೋಣೆ, ಮಸೂರ, ಓರೆಯಾಗಿ ಬೀಳುವ ಕಿರಣ, ಹಾಳೆಯ ಮೇಲೆ ಏಳುವ ಪ್ಲಾಸ್ಮಾ (ಪರಮಾಣುಗಳಿಂದ ಇಲೆಕ್ಟ್ರಾನುಗಳು ಕಿತ್ತುಬಂದ ಸ್ಥಿತಿಯ ವಸ್ತು) ಎಲ್ಲವನ್ನೂ ಪೆನ್ಸಿಲ್‌ನಲ್ಲಿ ಚೊಕ್ಕವಾಗಿ ಬಿಡಿಸಿದ್ದಳು. ಪ್ರತಿ ಸ್ಪಂದವೂ ತಾಮ್ರದಲ್ಲಿ ಒಂದು ಸಣ್ಣ ಕುಳಿ ಕೊರೆಯುವುದರಿಂದ ಮುಂದಿನ ಸ್ಪಂದ ಬರುವಷ್ಟರಲ್ಲಿ ಹಾಳೆಯನ್ನು ಸರಿಸಿ ಹೊಸ ಜಾಗ ಒದಗಿಸಬೇಕು ಎಂಬುದನ್ನೂ ಬಾಣದ ಗುರುತಿನೊಂದಿಗೆ ತೋರಿಸಿದ್ದಳು. ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದಿದ್ದಳು. ವ್ಯಾಕರಣ ಅಲ್ಲಲ್ಲಿ ತಪ್ಪಿತ್ತು, ಭೌತಶಾಸ್ತ್ರ ಎಲ್ಲೂ ತಪ್ಪಿರಲಿಲ್ಲ.

ಆ ಉತ್ತರಕ್ಕೆ ಸೊನ್ನೆ ಬಂತು. ಶುಲ್ಕ ಕಟ್ಟಿ ಉತ್ತರಪತ್ರಿಕೆಯ ಛಾಯಾಪ್ರತಿ ತರಿಸಿಕೊಂಡೆವು. ಪುಟದ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಯವರೆಗೆ ಒಂದೇ ಗೆರೆ ಎಳೆಯಲಾಗಿತ್ತು. ನಡುವೆ ಎಲ್ಲಿಯೂ ಒಂದು ಸರಿ ಗುರುತಾಗಲಿ, ತಪ್ಪು ಗುರುತಾಗಲಿ ಇರಲಿಲ್ಲ. ಅಂದರೆ ಅದನ್ನು ಯಾರೂ ಓದಿರಲಿಲ್ಲ. ಮರುಮೌಲ್ಯಮಾಪನಕ್ಕೂ ಹಾಕಿದೆವು, ‘ಬದಲಾವಣೆ ಇಲ್ಲ’ ಎಂದು ಬಂತು. ಮೌಲ್ಯಮಾಪನ ಕೇಂದ್ರದಲ್ಲಿದ್ದ ಹಿರಿಯ ಸಹೋದ್ಯೋಗಿಯೊಬ್ಬರನ್ನು ಕೇಳಿದಾಗ ಅವರು ಬೇಸರದಿಂದಲೇ, ‘ಸ್ಕೀಮ್‌ನ್ಯಾಗ ಇಲ್ರೀ ಮೇಡಂ, ನಾವೇನು ಮಾಡೂಣು?’ ಎಂದರು. ಸ್ಕೀಮ್ ಎಂದರೆ ಮೌಲ್ಯಮಾಪಕರಿಗೆ ಕೊಡುವ ಮಾದರಿ ಉತ್ತರ ಮತ್ತು ಅಂಕ ಹಂಚಿಕೆಯ ಪಟ್ಟಿ. ಆ ಸಹೋದ್ಯೋಗಿಯನ್ನು ನಾನು ದೂರುವುದಿಲ್ಲ. ದಿನಕ್ಕೆ ಇಂತಿಷ್ಟು ಉತ್ತರಪತ್ರಿಕೆ ಮುಗಿಸಲೇಬೇಕೆಂಬ ಒತ್ತಡದಲ್ಲಿ ನಾನೂ ಅದೇ ಮೇಜಿನಲ್ಲಿ ಕುಳಿತವಳು. ಆದರೆ ಪ್ರಶ್ನೆಯಲ್ಲಿ ‘ಯಾವುದಾದರೂ ಒಂದು ವಿಧಾನ’ ಎಂದು ಅಚ್ಚು ಹಾಕಿಸಿ, ಸ್ಕೀಮಿನಲ್ಲಿ 1913ರ ಒಂದೇ ವಿಧಾನವನ್ನು ಇಟ್ಟವರು ಯಾರು? ಆ ಹೊಣೆ ಮಂಡಳಿಯದು.

ಈ ಹುಡುಗಿ ಇದನ್ನು ಎಲ್ಲಿಂದಲೋ ನಕಲು ಮಾಡಿ ಬರೆದವಳಲ್ಲ ಎಂಬುದು ತಮಗೆ ತಿಳಿಯಬೇಕು. ನಮ್ಮ ಕಾಲೇಜಿನಲ್ಲಿ ಶನಿವಾರ ಮಧ್ಯಾಹ್ನ ಇಷ್ಟವಿದ್ದವರಷ್ಟೇ ಉಳಿಯುವ ಒಂದು ತರಗತಿ ನಡೆಸುತ್ತಿದ್ದೆ. ಲೇಸರ್‌ನಿಂದಲೂ ಕ್ಷ-ಕಿರಣ ಹುಟ್ಟುತ್ತದೆ ಎಂದು ಅಲ್ಲಿ ಒಮ್ಮೆ ಮಾತಿನ ನಡುವೆ ಹೇಳಿದಾಗ ಹಿಂದಿನ ಬೆಂಚಿನಿಂದ ಅವಳು ಕೇಳಿದಳು: ‘ಮೇಡಂ, ಆ ಲೇಸರ್ ಫೋಟಾನಿಗೆ ಒಂದೂವರೆ ಇಲೆಕ್ಟ್ರಾನ್ ವೋಲ್ಟ್ ಅಷ್ಟ ಐತಿ. ಎಂಟು ಸಾವಿರದ ಕ್ಷ-ಕಿರಣ ಅದರಿಂದ ಹೆಂಗ ಬರ್ತದ್ರೀ?’

ಮೂವತ್ತೊಂದು ವರ್ಷಗಳಲ್ಲಿ ನನಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬಂದ ನೆನಪಿಲ್ಲ. ಫೋಟಾನ್ ಎಂದರೆ ಬೆಳಕಿನ ಒಂದು ಕಣ; ಅದರ ಶಕ್ತಿಯನ್ನು ಇಲೆಕ್ಟ್ರಾನ್ ವೋಲ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. 800 ನ್ಯಾನೊಮೀಟರ್ ತರಂಗಾಂತರದ ಬೆಳಕಿನ ಫೋಟಾನಿಗೆ 1.55 ಇಲೆಕ್ಟ್ರಾನ್ ವೋಲ್ಟ್ ಶಕ್ತಿ. ತಾಮ್ರದ ವಿಶಿಷ್ಟ ಕ್ಷ-ಕಿರಣಕ್ಕೆ, ಅಂದರೆ ಆ ಲೋಹಕ್ಕೇ ಸ್ವಂತವಾದ ಕ್ಷ-ಕಿರಣಕ್ಕೆ, ಸುಮಾರು 8,050. ಐದು ಸಾವಿರ ಪಟ್ಟಿಗೂ ಮೀರಿದ ಅಂತರ. ದ್ಯುತಿವಿದ್ಯುತ್ ಪರಿಣಾಮದಲ್ಲಿ ನಾವು ಕಲಿಸುವ ‘ಒಂದು ಫೋಟಾನಿಗೆ ಒಂದು ಇಲೆಕ್ಟ್ರಾನ್’ ಎಂಬ ಲೆಕ್ಕದಲ್ಲಿ ಇದು ಸಾಧ್ಯವೇ ಇಲ್ಲ. ಉತ್ತರವನ್ನು ಅವಳೇ ಕಂಡುಕೊಳ್ಳಲಿ ಎಂದು ಕಪ್ಪುಹಲಗೆಗೆ ಕರೆದೆ.

ಲೇಸರ್ ಸ್ಪಂದವೊಂದರ ಒಂದು ಮಿಲಿಜೂಲ್ ಶಕ್ತಿಯಿಂದ ಆರಂಭಿಸಿದೆವು. ಅದೆಷ್ಟು ಅಲ್ಪವೆಂದರೆ, ಒಂದು ಜೋಳದ ಕಾಳನ್ನು ನೆಲದಿಂದ ಸುಮಾರು ಮೂರು ಮೀಟರ್ ಮೇಲಕ್ಕೆತ್ತುವಷ್ಟು. ಆದರೆ ಆ ಶಕ್ತಿ ಇಡಿಯಾಗಿ 30 ಫೆಮ್ಟೊಸೆಕೆಂಡಿನಲ್ಲಿ ಬಂದು ಬೀಳುತ್ತದೆ. ಒಂದು ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡನ್ನು ಹತ್ತು ಕೋಟಿ ಭಾಗ ಮಾಡಿ, ಅದರ ಒಂದು ಭಾಗವನ್ನು ಮತ್ತೆ ಒಂದು ಕೋಟಿ ಭಾಗ ಮಾಡಿದರೆ ಸಿಗುವ ಚೂರು. ಅಂಥ 30 ಚೂರುಗಳಲ್ಲಿ ಬೆಳಕು ಕ್ರಮಿಸುವ ದೂರ 9 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಶಕ್ತಿಯನ್ನು ಕಾಲದಿಂದ ಭಾಗಿಸಿದಾಗ ಸಾಮರ್ಥ್ಯ 33 ಗಿಗಾವಾಟ್ ಎಂದು ಬಂತು. ನಮ್ಮ ಆಲಮಟ್ಟಿಯ ವಿದ್ಯುದಾಗಾರದ ಪೂರ್ಣ ಸಾಮರ್ಥ್ಯ 290 ಮೆಗಾವಾಟ್. ಆ ಕ್ಷಣದ ಮಟ್ಟಿಗೆ ಇದು ಅದರ ನೂರು ಪಟ್ಟಿಗೂ ಹೆಚ್ಚು. ಆಮೇಲೆ ಅದನ್ನು 10 ಮೈಕ್ರಾನ್ ವ್ಯಾಸದ ಚುಕ್ಕೆಗೆ ಕೇಂದ್ರೀಕರಿಸಿದರೆ ತೀವ್ರತೆ ಚದರ ಸೆಂಟಿಮೀಟರಿಗೆ ಸುಮಾರು 4 × 10¹⁶ ವಾಟ್. ಈ ತೀವ್ರತೆಯ ಬೆಳಕಿನ ವಿದ್ಯುತ್ ಕ್ಷೇತ್ರವನ್ನು ಲೆಕ್ಕ ಹಾಕಿ, ಹೈಡ್ರೋಜನ್ ಪರಮಾಣುವಿನ ಮೊದಲ ಕಕ್ಷೆಯಲ್ಲಿ ಪ್ರೋಟಾನು ಇಲೆಕ್ಟ್ರಾನನ್ನು ಹಿಡಿದಿಟ್ಟಿರುವ ಕ್ಷೇತ್ರದ ಪಕ್ಕದಲ್ಲಿಟ್ಟು ನೋಡಲು ಹೇಳಿದೆ. ಎರಡೂ ಸರಿಸುಮಾರು ಒಂದೇ: ಮೀಟರಿಗೆ 50 ಸಾವಿರ ಕೋಟಿ ವೋಲ್ಟ್‌ಗೂ ಮೇಲೆ. ಸುಣ್ಣದ ಕಡ್ಡಿ ಹಿಡಿದುಕೊಂಡು ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ‘ಹಂಗಾದ್ರ ಫೋಟಾನಿನ ಲೆಕ್ಕನ ಬ್ಯಾಡ, ಕ್ಷೇತ್ರನ ಇಲೆಕ್ಟ್ರಾನನ್ನ ಕಿತ್ತು ಎಸೀತದ’ ಎಂದಳು.

ಇದರಲ್ಲಿ ಎಲ್ಲವೂ ಅಡಗಿದೆ. ಸ್ಪಂದದ ಮುಂಬದಿಯೇ ತಾಮ್ರದ ಮೇಲ್ಪದರವನ್ನು ಪ್ಲಾಸ್ಮಾ ಮಾಡಿಬಿಡುತ್ತದೆ. ಓರೆಯಾಗಿ ಬಿದ್ದ ಬೆಳಕಿನ ಕ್ಷೇತ್ರ ಆ ಪ್ಲಾಸ್ಮಾದ ಅಂಚಿನಿಂದ ಇಲೆಕ್ಟ್ರಾನುಗಳನ್ನು ಹೊರಗೆಳೆಯುತ್ತದೆ. ಸುಮಾರು 1.3 ಫೆಮ್ಟೊಸೆಕೆಂಡು ಕಳೆದು ಕ್ಷೇತ್ರದ ದಿಕ್ಕು ತಿರುಗಿದೊಡನೆ ಅವನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಹೀಗೆ ಸಾವಿರಾರು ಇಲೆಕ್ಟ್ರಾನ್ ವೋಲ್ಟ್ ಶಕ್ತಿ ಪಡೆದ ಇಲೆಕ್ಟ್ರಾನುಗಳು ಪ್ಲಾಸ್ಮಾದ ಹಿಂದೆ ಇನ್ನೂ ತಣ್ಣಗಿರುವ ತಾಮ್ರಕ್ಕೆ ನುಗ್ಗುತ್ತವೆ. ಮುಂದಿನದು ನಮ್ಮ ಪಠ್ಯದಲ್ಲೇ ಇದೆ: ಪರಮಾಣುವಿನ ತೀರ ಒಳಗಿನ ಕೆ ಕವಚದ ಇಲೆಕ್ಟ್ರಾನ್ ಹೊರಬೀಳುತ್ತದೆ, ಮೇಲಿನ ಕವಚದಿಂದ ಇನ್ನೊಂದು ಅಲ್ಲಿಗೆ ಇಳಿಯುತ್ತದೆ, ವಿಶಿಷ್ಟ ಕ್ಷ-ಕಿರಣ ಹೊಮ್ಮುತ್ತದೆ, ಬೀಜಕೇಂದ್ರಗಳ ಬಳಿ ತಡೆಯುಂಟಾದ ಇಲೆಕ್ಟ್ರಾನುಗಳಿಂದ ಅವಿಚ್ಛಿನ್ನ ವರ್ಣಪಟಲ ಬರುತ್ತದೆ. ಇಲ್ಲಿ ಕಾದ ತಂತಿಯಿಲ್ಲ, ಅಧಿಕ ವೋಲ್ಟೇಜಿನ ಟ್ರಾನ್ಸ್‌ಫಾರ್ಮರ್ ಇಲ್ಲ. ಅವೆರಡರ ಕೆಲಸವನ್ನೂ ಬೆಳಕೇ ಮಾಡುತ್ತದೆ. ಕೂಲಿಡ್ಜ್ ನಳಿಕೆಯನ್ನು ಚೆನ್ನಾಗಿ ಕಲಿತವರಿಗೆ ಇದು ಮುಂದಿನ ಒಂದು ಮೆಟ್ಟಿಲು.

‘ಇಷ್ಟು ತೀವ್ರ ಸ್ಪಂದವನ್ನು ಬೆಳೆಸುವುದು ಹೇಗೆ, ಬೆಳೆಸುವ ಹರಳೇ ಸುಟ್ಟುಹೋಗುವುದಿಲ್ಲವೇ’ ಎಂದು ಇನ್ನೊಬ್ಬ ಕೇಳಿದ. 1960ರಲ್ಲಿ ಥಿಯೋಡರ್ ಮೇಮನ್ ಮೊದಲ ಲೇಸರನ್ನು ಬೆಳಗಿಸಿದ ಮೇಲೆ ವರ್ಷಗಟ್ಟಲೆ ವಿಜ್ಞಾನಿಗಳನ್ನು ತಡೆದು ನಿಲ್ಲಿಸಿದ್ದು ಇದೇ ಪ್ರಶ್ನೆ. 1985ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಜೆರಾರ್ ಮುರೂ ಮತ್ತು ಅವರ ಸಂಶೋಧನಾ ವಿದ್ಯಾರ್ಥಿನಿ ಡೋನಾ ಸ್ಟ್ರಿಕ್‌ಲ್ಯಾಂಡ್ ಇದಕ್ಕೆ ದಾರಿ ಕಂಡರು. ಸ್ಪಂದವನ್ನು ಮೊದಲು ಕಾಲದಲ್ಲಿ ಉದ್ದಕ್ಕೆ ಎಳೆಯುವುದು, ಆಗ ಅದರ ತೀವ್ರತೆ ಇಳಿಯುವುದರಿಂದ ಹರಳಿಗೆ ಹಾನಿಯಾಗದಂತೆ ವರ್ಧಿಸುವುದು, ಕೊನೆಗೆ ಮತ್ತೆ ಮೊದಲಿನಷ್ಟು ಕಿರಿದಾಗಿ ಕುಗ್ಗಿಸುವುದು. 2018ರ ನೊಬೆಲ್ ಪಾರಿತೋಷಕದ ಅರ್ಧಭಾಗ ಈ ಕೆಲಸಕ್ಕಾಗಿ ಇವರಿಬ್ಬರಿಗೆ ಸಂದಿತು. ಹೀಗೆ ಕುಗ್ಗಿಸಲು ಬಳಸುವುದು ಒಂದು ಜೊತೆ ವಿವರ್ತನ ಗ್ರೇಟಿಂಗುಗಳನ್ನು, ಅಂದರೆ ಒತ್ತೊತ್ತಾಗಿ ಸಮಾನಾಂತರ ಗೆರೆ ಕೊರೆದ ಫಲಕಗಳನ್ನು. ಬೇರೆ ಬೇರೆ ಬಣ್ಣಗಳು ಬೇರೆ ಬೇರೆ ಕೋನದಲ್ಲಿ ತಿರುಗುವುದರಿಂದ ಅವು ಸಾಗುವ ದಾರಿಯ ಉದ್ದವೂ ಬೇರೆಯಾಗುತ್ತದೆ. ಹಿಂದುಳಿದ ಬಣ್ಣ ಮುಂದಿನದನ್ನು ಬಂದು ಕೂಡಿಕೊಳ್ಳುತ್ತದೆ.

ನಮ್ಮ ಎಲ್ಲ ಕಾಲೇಜುಗಳ ಲ್ಯಾಬಿನಲ್ಲಿ ಇಂಚಿಗೆ 15,000 ಗೆರೆಗಳ ಗ್ರೇಟಿಂಗ್ ಇದೆ. ಸ್ಪೆಕ್ಟ್ರೋಮೀಟರಿನ ಮೇಜಿನ ಮೇಲೆ ಅದನ್ನು ನಿಲ್ಲಿಸಿ, ಪಾದರಸದ ದೀಪದ ಹಸಿರು ಗೆರೆಯನ್ನು ಅಡ್ಡತಂತಿಗೆ ತಂದು, ವರ್ನಿಯರ್ ಓದಿ, ತರಂಗಾಂತರ ಬರೆದು ವಿದ್ಯಾರ್ಥಿಗಳು ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದೇ ಗ್ರೇಟಿಂಗಿನ ಗುಣದಿಂದ ಜಗತ್ತಿನ ಅತ್ಯಂತ ತೀವ್ರ ಬೆಳಕನ್ನು ಪಡೆಯುತ್ತಾರೆ ಎಂಬ ಮಾತನ್ನು ಆ ಮೇಜಿನ ಬಳಿ ನಿಂತು ಹೇಳಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ನಮ್ಮ ಪಠ್ಯದಲ್ಲಿಲ್ಲ.

ಇದರಿಂದ ಪ್ರಯೋಜನವೇನು ಎಂದು ಸಭೆಯೊಂದರಲ್ಲಿ ನನ್ನನ್ನು ಕೇಳಲಾಗಿತ್ತು. ಉತ್ತರಕ್ಕೆ ಅವಕಾಶ ಸಿಗಲಿಲ್ಲವಾದ್ದರಿಂದ ಇಲ್ಲಿ ಹೇಳುತ್ತೇನೆ. ಮೊದಲು ಇದರ ಮಿತಿಯನ್ನೇ ಒಪ್ಪಿಕೊಳ್ಳುತ್ತೇನೆ: ಲೇಸರ್ ಶಕ್ತಿಯಲ್ಲಿ ತಾಮ್ರದ ವಿಶಿಷ್ಟ ಕ್ಷ-ಕಿರಣವಾಗಿ ಹೊರಬರುವುದು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಒಟ್ಟು ಕಿರಣದ ಪ್ರಮಾಣದಲ್ಲಿ ಆಸ್ಪತ್ರೆಯ ಸಾಧಾರಣ ಯಂತ್ರವನ್ನೂ ಇದು ಸರಿಗಟ್ಟಲಾರದು. ಇದರ ಬೆಲೆ ಇರುವುದು ಕಾಲದಲ್ಲಿ. ಹರಳಿನೊಳಗೆ ಪರಮಾಣುಗಳು ಕಂಪಿಸುವುದು ಸುಮಾರು ನೂರು ಫೆಮ್ಟೊಸೆಕೆಂಡುಗಳ ಲಯದಲ್ಲಿ. ಕ್ಷ-ಕಿರಣದಿಂದ ಹರಳಿನ ರಚನೆ ತಿಳಿಯುವ ದಾರಿ ತೋರಿಸಿದ ಬ್ರ್ಯಾಗ್ ತಂದೆ-ಮಗನ ಕಾಲದಿಂದ ನಾವು ತೆಗೆಯುತ್ತ ಬಂದದ್ದು ನಿಂತ ಪರಮಾಣುಗಳ ಚಿತ್ರ. ಅವು ಅಲುಗುವಾಗಿನ ಚಿತ್ರ ಬೇಕೆಂದರೆ ಮಿಂಚು ಅವುಗಳ ಅಲುಗಾಟಕ್ಕಿಂತ ಚಿಕ್ಕದಾಗಿರಬೇಕು, ಮತ್ತು ಯಾವ ಗಳಿಗೆಯಲ್ಲಿ ಮಿಂಚಿತು ಎಂಬುದು ಕರಾರುವಾಕ್ಕಾಗಿ ಗೊತ್ತಿರಬೇಕು. ಲೇಸರ್ ಸ್ಪಂದವನ್ನು ಅರೆಗನ್ನಡಿಯಿಂದ ಎರಡಾಗಿ ಒಡೆದು, ಒಂದು ಪಾಲಿನಿಂದ ಹರಳನ್ನು ಕೆಣಕಿ, ಇನ್ನೊಂದು ಪಾಲಿನಿಂದ ಕ್ಷ-ಕಿರಣ ಹುಟ್ಟಿಸಿ ಆ ಹರಳನ್ನು ನೋಡುತ್ತಾರೆ. ಎರಡೂ ಒಂದೇ ಸ್ಪಂದದ ತುಂಡುಗಳಾದ್ದರಿಂದ ಅವುಗಳ ನಡುವಿನ ಕಾಲ ತಪ್ಪುವುದಿಲ್ಲ. ಕನ್ನಡಿಯನ್ನು ಸರಿಸಿದಷ್ಟು ಕಾಲ ಸರಿಯುತ್ತದೆ. ನಮ್ಮ ಸ್ಕ್ರೂಗೇಜಿನ ಒಂದು ಗೆರೆ 0.01 ಮಿಲಿಮೀಟರ್. ಕನ್ನಡಿ ಅಷ್ಟು ಹಿಂದೆ ಹೋದರೆ ಬೆಳಕಿನ ದಾರಿ ಅದರ ಎರಡರಷ್ಟು ಉದ್ದವಾಗಿ 67 ಫೆಮ್ಟೊಸೆಕೆಂಡ್ ತಡವಾಗುತ್ತದೆ. ಪ್ರಥಮ ವರ್ಷದ ಮೊದಲ ಪ್ರಯೋಗದಲ್ಲಿ ತಂತಿಯ ದಪ್ಪ ಅಳೆಯುವ ಉಪಕರಣದ ಒಂದು ಗೆರೆಯಲ್ಲಿ ಪರಮಾಣುವಿನ ಅರ್ಧಕ್ಕೂ ಹೆಚ್ಚು ತೂಗಾಟ ಅಡಗಿದೆ ಎಂದು ತಿಳಿದ ದಿನ ಆ ಹುಡುಗರ ಮುಖ ನೋಡಬೇಕಿತ್ತು. 1997ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಈ ಬಗೆಯಲ್ಲಿ, ಲೇಸರ್ ತಾಗಿದ ಸಾವಯವ ಪದರವೊಂದರಲ್ಲಿ ಅಣುಗಳ ಜೋಡಣೆ ಕದಡಿಹೋಗುವುದನ್ನು ಕ್ಷ-ಕಿರಣ ವಿವರ್ತನೆಯಿಂದ ಗುರುತಿಸಿದರು. ಹರಳು ಕರಗುವುದನ್ನೂ ಘನವಸ್ತು ಒಂದು ರೂಪದಿಂದ ಇನ್ನೊಂದಕ್ಕೆ ಹೊರಳುವುದನ್ನೂ ಹೀಗೆ ನೋಡುವುದು ಈಗ ಒಂದು ಶಾಖೆಯಾಗಿಯೇ ಬೆಳೆದಿದೆ.

ಬೇರೆ ದಾರಿಗಳೂ ಇವೆ. ಅನಿಲದೊಳಗೆ ತೀವ್ರ ಸ್ಪಂದ ನುಗ್ಗಿದಾಗ, ಕೃಷ್ಣೆಯಲ್ಲಿ ಹೋದ ದೋಣಿಯ ಹಿಂದೆ ಅಲೆ ಏಳುವಂತೆ, ಪ್ಲಾಸ್ಮಾದಲ್ಲೂ ಅಲೆ ಏಳುತ್ತದೆ. ಅದರ ಮೇಲೆ ಸವಾರಿ ಮಾಡುವ ಇಲೆಕ್ಟ್ರಾನುಗಳು ಕೆಲವೇ ಮಿಲಿಮೀಟರುಗಳಲ್ಲಿ ಅಪಾರ ಶಕ್ತಿ ಪಡೆಯುತ್ತವೆ. ತಾಜಿಮಾ ಮತ್ತು ಡಾಸನ್ 1979ರಲ್ಲೇ ಇದನ್ನು ಸೂಚಿಸಿದ್ದರು. ಆ ಇಲೆಕ್ಟ್ರಾನುಗಳು ಓಡುತ್ತ ಅತ್ತಿತ್ತ ಓಲಾಡುವಾಗ ಮುಂದಕ್ಕೆ ಕಿರಿದಾದ ಕ್ಷ-ಕಿರಣ ಧಾರೆ ಹೊಮ್ಮುತ್ತದೆ ಎಂದು 2004ರಲ್ಲಿ ಪ್ರಯೋಗದಿಂದ ತೋರಿಸಲಾಯಿತು. 2015ರ ಹೊತ್ತಿಗೆ ಬ್ರಿಟನ್ನಿನ ಪ್ರಯೋಗಾಲಯವೊಂದರಲ್ಲಿ ಇಂಥ ಧಾರೆಯಿಂದ ಮಾನವ ಮೂಳೆಯ ಒಳಜಾಲರಿಯ ಮೂರು ಆಯಾಮದ ಚಿತ್ರ ತೆಗೆದರು. ಲೇಸರ್ ಬೆಳಕಿನ ಹರಾತ್ಮಕಗಳಿಂದ (ಮೂಲ ಆವರ್ತನದ ಹಲವು ಪಟ್ಟು ಆವರ್ತನದ ಬೆಳಕಿನಿಂದ) ಹುಟ್ಟುವ ಇನ್ನೂ ಚಿಕ್ಕ ಸ್ಪಂದಗಳಿಗಾಗಿ 2023ರಲ್ಲಿ ಪಿಯರ್ ಅಗೊಸ್ಟಿನಿ, ಫೆರೆನ್ಸ್ ಕ್ರೌಸ್ ಮತ್ತು ಆ್ಯನ್ ಲುಯಿಲಿಯೆ ನೊಬೆಲ್ ಪಡೆದರು. ಇವನ್ನೆಲ್ಲ ಬಿ.ಎಸ್ಸಿ. ಮಟ್ಟದಲ್ಲಿ ವಿವರವಾಗಿ ಕಲಿಸಿ ಎಂದು ನಾನು ಹೇಳುವುದಿಲ್ಲ. ಇವು ಇವೆ ಎಂದಾದರೂ ವಿದ್ಯಾರ್ಥಿಗೆ ಗೊತ್ತಿರಲಿ.

ಇದು ದೂರದ ದೇಶದ ವಿದ್ಯೆ ಎಂದು ಭಾವಿಸುವವರಿಗಾಗಿ ಇನ್ನೊಂದು ಸಂಗತಿ. ನಮ್ಮ ಬಸ್‌ನಿಲ್ದಾಣದಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಮುಂಬೈ ಬರುತ್ತದೆ. ಅಲ್ಲಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ಕೆಲಸಕ್ಕೆಂದೇ ಮೀಸಲಾದ ಪ್ರಯೋಗಾಲಯವಿದೆ. 2012ರಲ್ಲಿ ಅಲ್ಲಿನವರು ಪ್ರಕಟಿಸಿದ ಒಂದು ಪ್ರಯೋಗವನ್ನು ಕೇಳಿದ ವಿದ್ಯಾರ್ಥಿಗಳು ನಂಬಲಿಲ್ಲ: ಬರಿಯ ಗಾಜಿನ ಫಲಕದ ಬದಲು, ಕೆಲವು ಮೈಕ್ರಾನ್ ದಪ್ಪಕ್ಕೆ ಇ. ಕೊಲೈ ಬ್ಯಾಕ್ಟೀರಿಯಾ ಲೇಪಿಸಿದ ಗಾಜಿನ ಮೇಲೆ ಅದೇ ಲೇಸರನ್ನು ಬಿಟ್ಟಾಗ ಕ್ಷ-ಕಿರಣ ನೂರು ಪಟ್ಟಿಗೂ ಹೆಚ್ಚಾಯಿತು. ಬ್ಯಾಕ್ಟೀರಿಯಾ ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ನುಣುಪಾದ ಗಾಜಿಗಿಂತ ಆ ಸೂಕ್ಷ್ಮ ಉಬ್ಬುಗಳ ಬಳಿ ಬೆಳಕಿನ ಕ್ಷೇತ್ರ ಹೆಚ್ಚು ಮಡುಗಟ್ಟುತ್ತದೆ. ಮಿಂಚುವಾಹಕದ ತುದಿ ಚೂಪಾಗಿರಬೇಕು ಎಂದು ಸ್ಥಿರವಿದ್ಯುತ್ ಪಾಠದಲ್ಲಿ ಹೇಳುವ ಮಾತಿಗೆ ಇದು ದೂರದ ನೆಂಟ. ಇತ್ತ ಇಂದೋರ್‌ನಲ್ಲಿ, ನಮ್ಮ ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರ ಹೆಸರನ್ನೇ ಹೊತ್ತ ಕೇಂದ್ರದಲ್ಲಿ ಇಲೆಕ್ಟ್ರಾನುಗಳನ್ನು ವರ್ತುಲದಲ್ಲಿ ಓಡಿಸಿ ಕ್ಷ-ಕಿರಣ ಪಡೆಯುವ ಇಂಡಸ್-2 ಸಿಂಕ್ರೊಟ್ರಾನ್ ಇದೆ, ಪೆಟಾವಾಟ್ (ಹತ್ತು ಲಕ್ಷ ಗಿಗಾವಾಟ್) ಮಟ್ಟದ ಲೇಸರ್ ಇದೆ. ಒಂದು ಬೇಸಿಗೆಯಲ್ಲಿ ನಮ್ಮ ಕಾಲೇಜಿನ ಒಳ್ಳೆಯ ವಿದ್ಯಾರ್ಥಿಯೊಬ್ಬ ಸಂಶೋಧನಾ ಸಂಸ್ಥೆಯೊಂದರ ರಜಾ ತರಬೇತಿಯ ಸಂದರ್ಶನಕ್ಕೆ ಹೋಗಿ, ಸ್ಪಂದ ವರ್ಧನೆಯ ಬಗ್ಗೆ ಕೇಳಿದ ಸರಳ ಪ್ರಶ್ನೆಗೆ ಉತ್ತರಿಸಲಾಗದೆ ಮರಳಿದ. ಅವನಿಗೆ ಗ್ರೇಟಿಂಗ್ ಗೊತ್ತಿತ್ತು, ಲೇಸರ್ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಯಾರೂ ತೋರಿಸಿರಲಿಲ್ಲ. ಅದು ನನ್ನ ಶನಿವಾರದ ತರಗತಿ ಆರಂಭವಾಗುವ ಮುಂಚಿನ ಮಾತು; ಆ ತರಗತಿ ಆರಂಭಿಸಲು ಕಾರಣವೂ ಅವನೇ.

ಸೊನ್ನೆ ಪಡೆದ ಹುಡುಗಿಯ ತಂದೆ ನಮ್ಮ ಊರಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ಮೋಲ್ಡಿಂಗ್ ಕೆಲಸದವರು. ಅವಳು ಒಮ್ಮೆ ತರಗತಿಗೆ ಪಂಪಿನ ಕವಚದ ಒಡೆದ ಕಾಸ್ಟಿಂಗ್ ತುಂಡೊಂದನ್ನು ಕಾಗದದಲ್ಲಿ ಸುತ್ತಿ ತಂದಿದ್ದಳು. ಹೊರಗೆ ಎಲ್ಲಿಯೂ ಕಲೆಯಿಲ್ಲ. ಮುರಿದ ಮುಖದಲ್ಲಿ ಹುಣಸೆಬೀಜದಷ್ಟು ಒಂದು ಗಾಳಿಗುಳಿ, ಅದರ ಒಳಗೋಡೆ ನೀಲಿಗಟ್ಟಿ ಹೊಳೆಯುತ್ತಿತ್ತು. ಒಡೆಯುವ ಮೊದಲೇ ಇದನ್ನು ನೋಡಲಾಗುತ್ತಿರಲಿಲ್ಲವೇ ಎಂಬುದು ಅವಳ ತಂದೆಯ ಪ್ರಶ್ನೆಯಾಗಿತ್ತು. ದೊಡ್ಡ ಕಾರ್ಖಾನೆಗಳು ಇದಕ್ಕೆ ರೇಡಿಯೋಗ್ರಫಿ, ಅಂದರೆ ವಿಕಿರಣ ಹಾಯಿಸಿ ಒಳಗಿನ ಚಿತ್ರ ತೆಗೆಯುವ ಪರೀಕ್ಷೆ, ಮಾಡಿಸುತ್ತವೆ. ಲೇಸರ್‌ನಿಂದ ಹುಟ್ಟಿದ ಕ್ಷ-ಕಿರಣದ ಮೂಲ ಕೆಲವೇ ಮೈಕ್ರಾನುಗಳಷ್ಟು ಕಿರಿದಾದ್ದರಿಂದ ನೆರಳಿನ ಅಂಚು ಮಸುಕಾಗುವುದಿಲ್ಲ, ಕೂದಲೆಳೆಯಷ್ಟು ಬಿರುಕೂ ಸ್ಪಷ್ಟವಾಗಿ ಮೂಡುತ್ತದೆ. ಇದು ನಾಳೆಯೇ ಉದ್ಯಮಬಾಗಕ್ಕೆ ಬಂದುಬಿಡುತ್ತದೆ ಎಂದು ನಾನು ಹೇಳಿದರೆ ಅದು ಸುಳ್ಳಾದೀತು. ದಪ್ಪ ಕಬ್ಬಿಣವನ್ನು ತೂರುವುದಕ್ಕೂ ಅದರ ಖರ್ಚಿಗೂ ಇನ್ನೂ ದೂರವಿದೆ. ಆದರೆ ಈ ಪ್ರಶ್ನೆ ಹುಟ್ಟಿದ್ದೇ ನಮ್ಮ ಊರಿನ ಫೌಂಡ್ರಿಯಲ್ಲಿ, ಮತ್ತು ಅದನ್ನು ಕೇಳಿದ ಮನೆಯ ಹುಡುಗಿ ಪರೀಕ್ಷೆಯಲ್ಲಿ ಉತ್ತರ ಬರೆದಳು.

ಇಲ್ಲಿ ಸುರಕ್ಷತೆಯ ಮಾತೂ ಇದೆ, ಅದನ್ನು ಮಂಡಳಿ ಹಗುರಾಗಿ ಪರಿಗಣಿಸಬಾರದೆಂದು ಕೈಮುಗಿದು ಕೇಳುತ್ತೇನೆ. ಅತ್ಯಲ್ಪಾವಧಿಯ ಲೇಸರ್‌ಗಳು ಪ್ರಯೋಗಾಲಯದಲ್ಲಷ್ಟೇ ಉಳಿದಿಲ್ಲ. ತೆಳು ಲೋಹ, ಗಾಜು, ವೈದ್ಯಕೀಯ ಉಪಕರಣಗಳನ್ನು ನವುರಾಗಿ ಕೊರೆಯುವ ಯಂತ್ರಗಳಾಗಿ ಕಾರ್ಖಾನೆಗಳಿಗೆ ಬಂದಿವೆ. ಲೋಹದ ಮೇಲೆ ತೀವ್ರತೆ ಒಂದು ಮಟ್ಟ ಮೀರಿದರೆ ಆ ಯಂತ್ರಗಳಿಂದಲೂ, ತೆರೆದ ಗಾಳಿಯಲ್ಲೇ, ಮೃದು (ಕಡಿಮೆ ಶಕ್ತಿಯ) ಕ್ಷ-ಕಿರಣ ಹೊಮ್ಮುತ್ತದೆ. ಒಂದೊಂದು ಸ್ಪಂದದ್ದು ಅಲ್ಪವೇ; ಆದರೆ ಸೆಕೆಂಡಿಗೆ ಲಕ್ಷಗಟ್ಟಲೆ ಸ್ಪಂದಗಳು ಬಿದ್ದಾಗ ಹತ್ತಿರ ಕೈಯಿಟ್ಟವರ ಚರ್ಮಕ್ಕೆ ಅದು ಅಲ್ಪವಲ್ಲ. ಜರ್ಮನಿಯಲ್ಲಿ ಇಂಥ ಯಂತ್ರಗಳನ್ನು ವಿಕಿರಣ ರಕ್ಷಣೆಯ ಕಾನೂನಿನೊಳಗೆ ತಂದಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೇ ಯಂತ್ರ ನಡೆಸುತ್ತಾನೆ. ಕಣ್ಣಿಗೆ ಲೇಸರ್ ಕನ್ನಡಕ ಕೊಟ್ಟಿದ್ದಾರೆ ಎಂದ. ಮುಚ್ಚಳ ತೆರೆದು ಕೆಲಸ ಮಾಡುವಾಗ ಕ್ಷ-ಕಿರಣ ಬರುತ್ತದೆಯೇ ಎಂದು ಯಾರನ್ನಾದರೂ ಕೇಳಿದೆಯಾ ಎಂದಾಗ, ‘ಲೇಸರ್‌ನಿಂದ ಕ್ಷ-ಕಿರಣ ಹೆಂಗ ಬರ್ತದ್ರೀ ಮೇಡಂ, ನಾವು ಹಂಗ ಕಲ್ತೇ ಇಲ್ಲ’ ಎಂದ. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವರ ಅಂಗಿಗೆ ಡೋಸ್ ಅಳೆಯುವ ಬ್ಯಾಡ್ಜ್ ಇರುತ್ತದೆ. ತನಗೂ ಅದು ಬೇಕಾಗಬಹುದು ಎಂದು ಕೇಳುವಷ್ಟು ತಿಳಿವಳಿಕೆಯನ್ನು ನಾವು ಆ ಹುಡುಗನಿಗೆ ಕೊಡಲಿಲ್ಲ. ಆ ದಿನ ನನಗೆ ನಿದ್ದೆ ಬರಲಿಲ್ಲ.

ನಾನು ಕೇಳಿದ ಆಕ್ಷೇಪಗಳು ಮೂರು. ಇದು ಎಂ.ಎಸ್ಸಿ.ಯವರಿಗೂ ಹೆಚ್ಚಾಯಿತು ಎಂದರು. ಮೇಲೆ ಬರೆದ ಲೆಕ್ಕದಲ್ಲಿ ಭಾಗಾಕಾರ, ವೃತ್ತದ ಕ್ಷೇತ್ರಫಲ ಮತ್ತು ವಿದ್ಯುತ್ ಕ್ಷೇತ್ರದ ಒಂದು ಸೂತ್ರ ಬಿಟ್ಟರೆ ಬೇರೇನೂ ಇಲ್ಲ. ನಮ್ಮಲ್ಲಿ ಉಪಕರಣವಿಲ್ಲ ಎಂದರು. ಕೂಲಿಡ್ಜ್ ನಳಿಕೆಯಾದರೂ ನಮ್ಮ ಯಾವ ಲ್ಯಾಬಿನಲ್ಲಿದೆ? ಅದನ್ನೂ ಚಿತ್ರ ಬಿಡಿಸಿಯೇ ಕಲಿಸುತ್ತ ಬಂದಿದ್ದೇವೆ. ಹಳ್ಳಿಯಿಂದ, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇದು ತಲೆಗೆ ಹೋಗುವುದಿಲ್ಲ ಎಂದು ಒಬ್ಬರು ಹೇಳಿದ್ದು ಮಾತ್ರ ನನಗೆ ನೋವುಂಟುಮಾಡಿದೆ. ಶನಿವಾರದ ತರಗತಿಯಲ್ಲಿ ಕೊನೆಯವರೆಗೆ ಉಳಿಯುತ್ತಿದ್ದವರು ಖಾನಾಪುರ, ಬೈಲಹೊಂಗಲ, ಸವದತ್ತಿ ಕಡೆಯ ಮಕ್ಕಳೇ. ಕೊನೆಯ ಬಸ್ಸು ತಪ್ಪೀತೆಂದು ನಾನೇ ಅವರನ್ನು ಎಬ್ಬಿಸಿ ಕಳಿಸಬೇಕಾಗುತ್ತಿತ್ತು. ಅವರಿಗೆ ತಲೆಗೆ ಹೋಗದಿದ್ದದ್ದು ಎಲ್ಲಿಯೂ ಕನ್ನಡದಲ್ಲಿ ಬರೆದಿರದ ಪದಗಳು. ಸ್ಪಂದ, ವರ್ಧನೆ, ಕುಗ್ಗಿಸುವುದು ಎಂದು ಹೇಳಿದ ಮೇಲೆ ಅವರು ಮುಂದಿನದನ್ನು ತಾವೇ ಹೇಳುತ್ತಿದ್ದರು.

ಆದ್ದರಿಂದ ಮಂಡಳಿಯಲ್ಲಿ ನನ್ನ ಕೋರಿಕೆಗಳು ಇವು. ಎಲ್ಲಕ್ಕಿಂತ ಮೊದಲು ಮೌಲ್ಯಮಾಪನದ ಸ್ಕೀಮಿನ ತಲೆಯಲ್ಲಿ ಒಂದು ವಾಕ್ಯ ಸೇರಿಸಿ: ಪ್ರಶ್ನೆಗೆ ಹೊಂದುವ, ವೈಜ್ಞಾನಿಕವಾಗಿ ಸರಿಯಾದ ಬೇರೆ ಉತ್ತರವಿದ್ದರೆ ಅದನ್ನು ಓದಿ ಅಂಕ ಕೊಡಬೇಕು, ಮೌಲ್ಯಮಾಪಕರಿಗೆ ಅನುಮಾನವಿದ್ದರೆ ಮುಖ್ಯ ಮೌಲ್ಯಮಾಪಕರ ಮುಂದಿಡಬೇಕು. ಇದಕ್ಕೆ ಹೊಸ ಪಠ್ಯಕ್ರಮ ಬೇಕಿಲ್ಲ, ಹಣ ಬೇಕಿಲ್ಲ. ಮುಂದಿನ ಪರೀಕ್ಷೆಯಿಂದಲೇ ಆಗಬಹುದು. ಎರಡನೆಯದಾಗಿ, ಹೊಸ ಕರಡಿನ ಕ್ಷ-ಕಿರಣ ಘಟಕದಲ್ಲಿ ನಾಲ್ಕು ಗಂಟೆಗಳ ಬೋಧನೆಯನ್ನು ಇದಕ್ಕೆ ಕೊಡಿ: ಸ್ಪಂದವನ್ನು ಎಳೆದು, ವರ್ಧಿಸಿ, ಕುಗ್ಗಿಸುವ ತಂತ್ರಕ್ಕೆ ಒಂದು, ಲೇಸರ್ ಪ್ಲಾಸ್ಮಾದಿಂದ ಕ್ಷ-ಕಿರಣ ಹುಟ್ಟುವ ಬಗೆಗೆ ಒಂದೂವರೆ, ಅದರ ಬಳಕೆಗೆ ಒಂದು, ಉಳಿದ ಅರ್ಧ ಗಂಟೆ ಸುರಕ್ಷತೆಗೆ. ಹಾಗೆಯೇ ಗ್ರೇಟಿಂಗ್ ಪ್ರಯೋಗದ ಕೈಪಿಡಿಯಲ್ಲಿ ಈ ಬಳಕೆಯ ಬಗ್ಗೆ ಒಂದು ಪ್ಯಾರಾ ಬರಲಿ. ವರ್ಷಕ್ಕೊಮ್ಮೆ ನಡೆಯುವ ಅಧ್ಯಯನ ಪ್ರವಾಸದ ಪಟ್ಟಿಯಲ್ಲಿ ಮುಂಬೈ, ಇಂದೋರ್‌ಗಳ ಪ್ರಯೋಗಾಲಯಗಳ ಹೆಸರು ಸೇರಿಸಿ, ಅನುಮತಿಗೆ ಬೇಕಾದ ಪತ್ರವ್ಯವಹಾರವನ್ನು ಮಂಡಳಿಯ ಹೆಸರಿನಲ್ಲೇ ಮಾಡಿಕೊಟ್ಟರೆ ಬೆಳಗಾವಿಗಷ್ಟೇ ಅಲ್ಲ, ಬಾಗಲಕೋಟೆ, ವಿಜಯಪುರದ ಸಣ್ಣ ಕಾಲೇಜುಗಳಿಗೂ ದೊಡ್ಡ ಉಪಕಾರವಾಗುತ್ತದೆ. ಒಂಟಿ ಕಾಲೇಜಿನ ಪತ್ರಕ್ಕೆ ಸಿಗದ ಮರ್ಯಾದೆ ಮಂಡಳಿಯ ಪತ್ರಕ್ಕೆ ಸಿಗುತ್ತದೆ.

ಶನಿವಾರದ ತರಗತಿಗಾಗಿ ನಾನು ಕನ್ನಡದಲ್ಲಿ ಬರೆದ ನಲವತ್ತು ಪುಟಗಳ ಟಿಪ್ಪಣಿ ಸಿದ್ಧವಿದೆ. ಅದನ್ನು ಯಾರು ಬೇಕಾದರೂ ತಿದ್ದಿ ಬಳಸಬಹುದು, ನನ್ನ ಹೆಸರು ಹಾಕುವ ಅಗತ್ಯವಿಲ್ಲ. ಅಧ್ಯಾಪಕರಿಗೆ ತರಬೇತಿ ಇಟ್ಟರೆ ಮೂರೂ ಜಿಲ್ಲೆಗಳಲ್ಲಿ ಎಲ್ಲಿಗೆ ಕರೆದರೂ ಸ್ವಂತ ಖರ್ಚಿನಲ್ಲಿ ಬರುತ್ತೇನೆ.

ಆ ವಿದ್ಯಾರ್ಥಿನಿಯ ಆರು ಅಂಕಗಳನ್ನು ಮರಳಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಅವಳು ತೇರ್ಗಡೆಯಾಗಿ ಮುಂದೆ ಓದುತ್ತಿದ್ದಾಳೆ. ಅವಳ ಒಪ್ಪಿಗೆ ಪಡೆದು, ನೋಂದಣಿ ಸಂಖ್ಯೆ ಮರೆಮಾಡಿ, ಆ ಒಂದೂಕಾಲು ಪುಟದ ಪ್ರತಿಯನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಮಂಡಳಿಯ ಮುಂದಿನ ಸಭೆಯಲ್ಲಿ ಕಾರ್ಯಸೂಚಿಗೆ ಹೋಗುವ ಮೊದಲು ಹತ್ತು ನಿಮಿಷ ತೆಗೆದು ಅದನ್ನು ಓದಿ, ಸರಿಯಿದ್ದಲ್ಲಿ ಸರಿ, ತಪ್ಪಿದ್ದಲ್ಲಿ ತಪ್ಪು ಎಂದು ಗುರುತು ಹಾಕಿ ನನ್ನ ವಿಳಾಸಕ್ಕೆ ಕಳಿಸಿಕೊಡಬೇಕೆಂದು ಕೋರುತ್ತೇನೆ. ಅದನ್ನು ನಾನು ಅವಳಿಗೆ ತಲುಪಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಅಧ್ಯಾಪಕಿ
ಬೆಳಗಾವಿ

ಲಗತ್ತು: ಉತ್ತರಪತ್ರಿಕೆಯ ಎರಡು ಹಾಳೆಗಳ ಛಾಯಾಪ್ರತಿ